ಕಾಫಿ ಪಾತ್ರೆಯ ಮೇಲಿನ ಚೀಟಿ

ಹೋದ ಬೇಸಿಗೆಯ ಒಂದು ರಾತ್ರಿ. ಬಳ್ಳಾರಿ ಬೇಸಿಗೆ ಅಂದರೆ ಗೊತ್ತಲ್ಲ, ಒಂಬತ್ತು ಗಂಟೆಗೂ ಗೋಡೆ ಮುಟ್ಟಿದರೆ ಬಿಸಿ. ಕೂಲರ್ ಹಚ್ಚಿಕೊಂಡು ಮನೆಮಂದಿಯೆಲ್ಲ ಟಿವಿ ಮುಂದೆ ಕೂತಿದ್ದೆವು. ಎಂಟನೇ ಕ್ಲಾಸಿನ ಮಗಳು 'ಹಿಡನ್ ಫಿಗರ್ಸ್' ಹಾಕಿದ್ದಳು. 2016ರ ಸಿನಿಮಾ. ಕಂಪ್ಯೂಟರ್ ಇನ್ನೂ ಕಾಲೂರದ ಕಾಲದಲ್ಲಿ ನಾಸಾದಲ್ಲಿ ಕೂತು ರಾಕೆಟ್ಟಿನ ಲೆಕ್ಕ ಹಾಕುತ್ತಿದ್ದ ಕಪ್ಪು ಹೆಣ್ಣುಮಕ್ಕಳ ಕಥೆ. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಮಗಳೇ ಪಕ್ಕದಲ್ಲಿ ಕೂತು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಕ್ಯಾಥರೀನ್ ಜಾನ್ಸನ್ ಪಾತ್ರದ ಹೆಣ್ಣುಮಗಳು ಕಾಗದದ ಕಟ್ಟು ಎದೆಗವಚಿಕೊಂಡು ಅರ್ಧ ಮೈಲಿ ದೂರದ ಟಾಯ್ಲೆಟ್ಟಿಗೆ ಓಡುವಾಗ ಅಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. "ಎಂಥಾ ಜನ ಅದಾರ ನೋಡವಾ, ಹೆಣ್ಣಮಗಳನ್ನ ಹಿಂಗ ಓಡಸ್ತಾರಂದ್ರ" ಅಂದರು.

ಆಮೇಲೆ ಕಾಫಿಯ ದೃಶ್ಯ ಬಂತು. ಆಫೀಸಿನಲ್ಲಿ ಎಲ್ಲರೂ ಕುಡಿಯುವ ಪಾತ್ರೆಯಿಂದಲೇ ಆಕೆ ಕಾಫಿ ಬಗ್ಗಿಸಿಕೊಂಡಿರುತ್ತಾಳೆ. ರೂಮಿನ ತುಂಬ ಇದ್ದ ಬಿಳಿ ಅಂಗಿಯ ಗಂಡಸರು ಮಾತಾಡದೆ ನೋಡಿರುತ್ತಾರೆ. ಮುಂದೆ ಒಂದು ದಿನ ಬಂದು ನೋಡಿದರೆ ಪಕ್ಕದಲ್ಲಿ ಇನ್ನೊಂದು ಸಣ್ಣ ಪಾತ್ರೆ. ಅದಕ್ಕೊಂದು ಚೀಟಿ ಅಂಟಿಸಿದ್ದಾರೆ: 'ಕಲರ್ಡ್', ಅಂದರೆ ಕಪ್ಪು ಜನರದ್ದು. ಮಗಳು ಅದರ ಅರ್ಥ ಹೇಳುತ್ತಿದ್ದಳು. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡರು. "ಸಾಕು ಬಿಡವಾ, ಕಣ್ಣು ಉರಿಯಾಕತ್ತಾವ" ಅಂತ ಎದ್ದು ಒಳಗೆ ಹೋಗಿ ಮಲಗಿದರು.

ಮಗಳಿಗೆ ತಲೆಬುಡ ಗೊತ್ತಾಗಲಿಲ್ಲ. ಟಾಯ್ಲೆಟ್ಟಿನ ದೃಶ್ಯಕ್ಕೆ ಅತ್ತ ತಾತ ಕಾಫಿ ಪಾತ್ರೆಗೆ ಯಾಕೆ ಎದ್ದುಹೋದ ಅಂತ. ನನಗೆ ಗೊತ್ತಾಗಿತ್ತು. ಹೇಳಲಿಲ್ಲ. ಅವತ್ತಿನಿಂದ ಅದೊಂದು ಮುಳ್ಳು ಒಳಗೇ ಉಳಿದಿದೆ.

ಮ್ಯಾಲಿಂದ ಬಿಡು

ನಮ್ಮೂರು ಗಂಗಾವತಿ ತಾಲೂಕಿನದು. ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಸುಗ್ಗಿಯಲ್ಲಿ ರಸ್ತೆ ಮೇಲೆಲ್ಲ ಒಣಹಾಕಿದ ಭತ್ತ. ಬಸ್ ನಿಲ್ಲುವ ಕಡೆ ದೊಡ್ಡಪ್ಪನ ಹೋಟೆಲ್ ಇತ್ತು. ಹೋಟೆಲ್ ಅಂದರೆ ನಾಲ್ಕು ತಗಡು, ಎರಡು ಬೆಂಚು, ಒಂದು ಕಟ್ಟಿಗೆ ಒಲೆ. ಬೆಳಗ್ಗೆ ಒಗ್ಗರಣಿ ಮಿರ್ಚಿ, ಆಮೇಲೆ ಸಂಜೆತನಕ ಚಾ. ಹೊಲದಲ್ಲಿ ಕೆಲಸ ಇಲ್ಲದಾಗ ಅಪ್ಪನೂ ಅಲ್ಲೇ ಗಲ್ಲಾ ಮುಂದೆ ಕೂಡುತ್ತಿದ್ದರು. ಗಾಜಿನ ಲೋಟಗಳು ಒಳಗೆ ಹಲಗೆಯ ಮೇಲೆ ಇರುತ್ತಿದ್ದವು. ಹೊರಗೆ ಗೋಡೆಯಲ್ಲೊಂದು ಗೂಡು. ಆ ಗೂಡಿನಲ್ಲಿ ಬೋರಲು ಹಾಕಿದ ಐದಾರು ಅಲ್ಯೂಮಿನಿಯಂ ಲೋಟ. ಅದಕ್ಕೂ ಮೊದಲು ಅಲ್ಲಿ ತೆಂಗಿನ ಚಿಪ್ಪು ಇರುತ್ತಿದ್ದವಂತೆ. ಚಿಪ್ಪು ಹೋಗಿ ಲೋಟ ಬಂದದ್ದನ್ನು ದೊಡ್ಡಪ್ಪ ತಾವು ಮಾಡಿದ ಸುಧಾರಣೆ ಅನ್ನುವ ಹಾಗೆ ಹೇಳುತ್ತಿದ್ದರು.

ಕೇರಿಯವರು ಬಂದರೆ ಆ ಲೋಟ ತಾವೇ ತೆಗೆದುಕೊಂಡು ತಾವೇ ತೊಳೆದುಕೊಳ್ಳಬೇಕು. ಆಮೇಲೆ ಹೊಸ್ತಿಲ ಆಚೆ ನಿಂತು ಲೋಟ ಚಾಚಬೇಕು. ಒಳಗಿನಿಂದ ಚಾ ಬೀಳುತ್ತಿತ್ತು. ಬೇವಿನ ಮರದ ಕೆಳಗೆ ಕುಕ್ಕುರುಗಾಲಲ್ಲಿ ಕೂತು ಕುಡಿದು, ಮತ್ತೆ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಿದ್ದರು. ಇದಕ್ಕೆಲ್ಲ ಬೋರ್ಡ್ ಇರಲಿಲ್ಲ. ಯಾರೂ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಹೊಸದಾಗಿ ಊರಿಗೆ ಬಂದ ಕೂಲಿಯವರು ಕೂಡ ಬಂದು ನಿಂತು, ಗೂಡಿನ ಕಡೆ ಒಮ್ಮೆ ಕಣ್ಣಾಡಿಸಿ, ತಮ್ಮದು ಯಾವುದು ಅಂತ ತಿಳಿದುಕೊಂಡುಬಿಡುತ್ತಿದ್ದರು.

ಬೇಸಿಗೆ ರಜೆಯಲ್ಲಿ ನಾನು ಹೋಟೆಲಿನಲ್ಲೇ ಇರುತ್ತಿದ್ದೆ. ನಾಲ್ಕನೇ ಕ್ಲಾಸು ಮುಗಿಸಿದ ರಜೆ ಇರಬೇಕು. ಹೊರಗಿನವರಿಗೆ ಚಾ ಬಿಡುವ ಕೆಲಸ ನನ್ನದಾಯಿತು. "ಮ್ಯಾಲಿಂದ ಬಿಡಲೇ, ತಾಗಸಬ್ಯಾಡ" ಅಂತ ದೊಡ್ಡಪ್ಪ ಮೊದಲ ದಿನ ಹೇಳಿಕೊಟ್ಟರು. ಕೆಟಲಿಯ ಮೂತಿಗೂ ಲೋಟಕ್ಕೂ ನಡುವೆ ಒಂದು ಗೇಣು. ಎರಡೇ ದಿನದಲ್ಲಿ ಕೈ ಕೂತಿತು. ಗೇಣಲ್ಲ, ಒಂದೂವರೆ ಮೊಳ ಮೇಲಿಂದ ಬಿಟ್ಟರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. ಬೆಂಚಿನ ಮೇಲೆ ಕೂತವರು "ಭಲೇ" ಅನ್ನುತ್ತಿದ್ದರು. ಅಪ್ಪ ಗಲ್ಲಾ ಮುಂದೆ ಕೂತು ನಗುತ್ತಿದ್ದರು. ನನ್ನ ಜೊತೆ ಒಂದೇ ಕ್ಲಾಸಿನಲ್ಲಿ ಓದುತ್ತಿದ್ದ ಹುಡುಗನ ಅಪ್ಪನೂ ಬರುತ್ತಿದ್ದರು. ಅವರಿಗೂ ಹಾಗೇ ಬಿಟ್ಟಿದ್ದೇನೆ. ಅವತ್ತು ನನಗೆ ಅನ್ನಿಸಿದ್ದು ಒಂದೇ: ನನ್ನ ಗುರಿ ತಪ್ಪಲಿಲ್ಲ ಅನ್ನೋ ಖುಷಿ.

ಕಾಫಿ ಪಾತ್ರೆ ನೋಡಿ ಅಪ್ಪ ಎದ್ದದ್ದು ಇದಕ್ಕೆ ಅಂತ ನನ್ನ ಲೆಕ್ಕ. ಟಾಯ್ಲೆಟ್ಟಿಗೆ ಓಡಿಸುವುದು ಅವರಿಗೆ ಗೊತ್ತಿರದ ಕ್ರೌರ್ಯ. ಅದಕ್ಕೆ ಅಳಬಹುದು. ಎರಡನೇ ಪಾತ್ರೆ ಗೊತ್ತಿರುವ ಸಾಮಾನು.

ಬೋರ್ಡ್ ಮುರಿಯುವ ಸಾಹೇಬ

ಅಪ್ಪ ಎದ್ದುಹೋದ ಮೇಲೆ ನಾವು ಸಿನಿಮಾ ಮುಂದುವರಿಸಿದೆವು. ಮಳೆಯಲ್ಲಿ ತೊಯ್ದು ಬಂದ ಕ್ಯಾಥರೀನ್ ಕೊನೆಗೂ ಸಿಡಿದು ಎಲ್ಲರ ಮುಂದೆ ಕೂಗಾಡುತ್ತಾಳೆ. ಆಮೇಲೆ ಅವಳ ಬಿಳಿ ಸಾಹೇಬ, ಕೆವಿನ್ ಕಾಸ್ಟ್ನರ್ ಮಾಡಿದ ಪಾತ್ರ, ಕಾಫಿ ಪಾತ್ರೆಯ ಚೀಟಿ ಕೀಳುತ್ತಾನೆ. ಟಾಯ್ಲೆಟ್ಟಿನ ಬೋರ್ಡನ್ನು ಹೊಡೆದು ಹೊಡೆದು ಕೆಳಗೆ ಬೀಳಿಸುತ್ತಾನೆ. ಮಗಳು ಚಪ್ಪಾಳೆ ಹೊಡೆದಳು. ನನ್ನ ಕೈಯೂ ಎದ್ದಿತ್ತು.

ತಮಾಷೆ ಏನಂದರೆ, ಆ ಸಾಹೇಬ ಇರಲೇ ಇಲ್ಲ. ಮೂರ್ನಾಲ್ಕು ಅಧಿಕಾರಿಗಳನ್ನು ಕಲಸಿ ಸಿನಿಮಾದವರು ಮಾಡಿದ ಪಾತ್ರ ಅದು. ನಿಜವಾದ ಜಾನ್ಸನ್ ಅಷ್ಟು ದೂರ ಓಡಲೂ ಇಲ್ಲ. ಆಕೆ ಬಿಳಿಯ ಹೆಂಗಸರ ಟಾಯ್ಲೆಟ್ಟಿಗೇ ಹೋಗುತ್ತಿದ್ದರು. ಯಾಕಂದರೆ ಅದರ ಮೇಲೆ ಏನೂ ಬರೆದಿರಲಿಲ್ಲ. ಬೋರ್ಡ್ ಇರುತ್ತಿದ್ದದ್ದು ಕಪ್ಪು ಜನರದ್ದಕ್ಕೆ ಮಾತ್ರ. ಯಾರೋ ತಕರಾರು ತೆಗೆದಾಗಲೂ ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಬೋರ್ಡ್ ತೆಗೆದವರು ಬೇರೆ ಒಬ್ಬರು. ಮಿರಿಯಮ್ ಮ್ಯಾನ್ ಅಂತ, ಜಾನ್ಸನ್ ಕೆಲಸ ಮಾಡಿದ ಅದೇ ಲ್ಯಾಂಗ್ಲಿ ಕೇಂದ್ರದಲ್ಲಿ 1940ರ ದಶಕದಲ್ಲಿ ಲೆಕ್ಕ ಹಾಕುತ್ತಿದ್ದ ಕಪ್ಪು ಹೆಣ್ಣುಮಗಳು. ಕ್ಯಾಂಟೀನಿನ ಒಂದು ಟೇಬಲ್ ಮೇಲೆ ಇವರದೇ ಜಾಗ ಅಂತ ಒಂದು ಪುಟ್ಟ ಬೋರ್ಡ್ ಇಡುತ್ತಿದ್ದರು. ಮಿರಿಯಮ್ ಅದನ್ನು ಎತ್ತಿ ತಮ್ಮ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಹೋಗುತ್ತಿದ್ದರು. ಸ್ವಲ್ಪ ದಿನಕ್ಕೆ ಹೊಸ ಬೋರ್ಡ್ ಬರುತ್ತಿತ್ತು. ಅದನ್ನೂ ಬ್ಯಾಗಿಗೆ ಹಾಕುತ್ತಿದ್ದರು. ಕೊನೆಗೆ ಇಡುವವರಿಗೇ ಸಾಕಾಗಿ ನಿಲ್ಲಿಸಿದರು.

ಎಂಥ ದೃಶ್ಯ ಅದು! ಗದ್ದಲ ಇಲ್ಲ, ಭಾಷಣ ಇಲ್ಲ, ಬ್ಯಾಗಿನ ಬಾಯಿ ತೆಗೆದು ಮುಚ್ಚಿದರೆ ಮುಗಿಯಿತು. ಸಿನಿಮಾಕ್ಕೆ ಅದು ಬೇಡವಾಯಿತು. ಸಾಹೇಬ ಬೇಕಾದ. ಸಾಹೇಬ ಯಾಕೆ ಬೇಕು ಅಂದರೆ, ನೋಡುವವರು ಕೂಡಲು ಒಂದು ಜಾಗ ಬೇಕು. ನಾವು ಅವನ ಒಳಗೆ ಕೂತು ಬೋರ್ಡ್ ಮುರಿದು ಮನೆಗೆ ಹೋಗುತ್ತೇವೆ. ಚೀಟಿ ಬರೆದು ಅಂಟಿಸಿದ ಕೈ ಯಾರದು ಅಂತ ಸಿನಿಮಾ ತೋರಿಸುವುದೇ ಇಲ್ಲ. ಒಂದು ಬೆಳಗ್ಗೆ ಚೀಟಿ ಇರುತ್ತದೆ, ಅಷ್ಟೇ.

ಇನ್ನೊಂದು ಮಾತು. ಅಲ್ಲಿ ಬೋರ್ಡ್ ಇತ್ತು, ಆದ್ದರಿಂದ ಬೋರ್ಡ್ ಇಲ್ಲದ ಬಾಗಿಲು ತಳ್ಳಿಕೊಂಡು ಜಾನ್ಸನ್ ಒಳಗೆ ಹೋಗಬಹುದಿತ್ತು. ದೊಡ್ಡಪ್ಪನ ಹೋಟೆಲಿನಲ್ಲಿ ಬೋರ್ಡ್ ಇರಲಿಲ್ಲ. ಒಬ್ಬರೂ ತಪ್ಪಿ ಗಾಜಿನ ಲೋಟಕ್ಕೆ ಕೈ ಹಾಕಿದ್ದು ನಾನು ನೋಡಿಲ್ಲ.

ನೆಲದ ಟಿಕೆಟ್

ಊರ ಹೊರಗೆ, ಸುಗ್ಗಿ ಮುಗಿದ ಗದ್ದೆಯಲ್ಲಿ ಟೂರಿಂಗ್ ಟಾಕೀಸ್ ಬರುತ್ತಿತ್ತು. ನಾವು ಟೆಂಟ್ ಅನ್ನುತ್ತಿದ್ದೆವು. ನೆಲ, ಬೆಂಚು, ಕುರ್ಚಿ ಅಂತ ಮೂರು ಟಿಕೆಟ್ಟು. ನೆಲದಲ್ಲಿ ಮರಳಿನ ಮೇಲೆ ಕೂಡಬೇಕು. ಮರಳು ಕೂಡಿಸಿ ಗುಡ್ಡೆ ಮಾಡಿಕೊಂಡರೆ ಅದೇ ಕುರ್ಚಿ. ಹಿಂದಿನವರು ಬೈಯುತ್ತಿದ್ದರು. ನೆಲದ ಟಿಕೆಟ್ಟಿನ ರೇಟು ಎಲ್ಲರಿಗೂ ಒಂದೇ. ಆದರೆ ನೆಲದ ಒಳಗೂ ಒಂದು ನೆಲ ಇತ್ತು. ಪರದೆಯ ಕೆಳಗೆ, ಎಡಗಡೆ ಕಂಬದ ಹತ್ತಿರ, ಕೇರಿಯವರು ಕೂಡುತ್ತಿದ್ದರು. ಅವರಿಗೂ ನಮಗೂ ನಡುವೆ ಒಂದು ಆಳು ಮಲಗುವಷ್ಟು ಖಾಲಿ ಮರಳು. ಹೌಸ್‌ಫುಲ್ ಆದ ದಿನವೂ ಅದು ಖಾಲಿ.

ಒಂದು ರಾತ್ರಿ ನಾನು ಆ ಮರಳು ದಾಟಿ ಹೋಗಿ ನನ್ನ ಕ್ಲಾಸಿನ ಹುಡುಗನ ಪಕ್ಕ ಕೂತೆ. ದೊಡ್ಡ ಕಾರಣ ಏನಿಲ್ಲ. ಅವನ ಹತ್ತಿರ ಹುರಿದ ಶೇಂಗಾ ಇತ್ತು. ಯಾವ ಸಿನಿಮಾ ನೆನಪಿಲ್ಲ, ಕತ್ತಿ ವರಸೆ ಇತ್ತು. ಅಷ್ಟು ಹತ್ತಿರದಿಂದ ನೋಡಿದರೆ ಹೀರೋ ಉದ್ದುದ್ದ, ವಾರೆಯಾಗಿ ಕಾಣುತ್ತಾನೆ. ಕತ್ತೆತ್ತಿ ಎತ್ತಿ ನೋಯುತ್ತದೆ. ಇಂಟರ್ವಲ್ಲಿನಲ್ಲಿ ಲೈಟು ಹತ್ತಿತು. ಹೋಟೆಲಿನ ಕೆಲಸದವನು ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿ ಹಿಂದಕ್ಕೆ ಕರೆದುಕೊಂಡು ಹೋದ. ಬೈಯಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಮನೆಗೆ ಬಂದಾಗ ಅವ್ವ, ಅಂದರೆ ಅಪ್ಪನ ತಾಯಿ, ಬಾಗಿಲಲ್ಲೇ ನಿಲ್ಲಿಸಿ ನೆತ್ತಿಯ ಮೇಲೆ ಒಂದು ತಂಬಿಗೆ ನೀರು ಹಾಕಿದಳು. ಸೆಕೆಗೆ ತಂಪಾಗಿ ಹಿತವಾಗಿತ್ತು. ಅದು ಹಿತವಾಗಿತ್ತು ಅನ್ನುವುದೇ ಈಗ ನೆನಪಾದರೆ ಕಸಿವಿಸಿ.

ಅಮೆರಿಕದ ದಕ್ಷಿಣದ ಊರುಗಳಲ್ಲಿ ಕಪ್ಪು ಜನರನ್ನು ಬಾಲ್ಕನಿಗೆ ಕಳಿಸುತ್ತಿದ್ದರಂತೆ, ಹೊರಗಿನ ಬೇರೆ ಮೆಟ್ಟಿಲಿನಿಂದ. ಇದನ್ನು ಓದಿದಾಗ ನನಗೆ ಮೊದಲು ನಗು ಬಂತು. ನಮ್ಮಲ್ಲಿ ಬಾಲ್ಕನಿ ಅಂದರೆ ಸಾಹುಕಾರರದ್ದು ಅಲ್ವಾ? ಮೇಲಿರಲಿ ಕೆಳಗಿರಲಿ, ಕೆಟ್ಟ ಜಾಗ ಯಾವುದೋ ಅದು ಅವರಿಗೆ. 'ಗಾನ್ ವಿತ್ ದಿ ವಿಂಡ್' ಸಿನಿಮಾಕ್ಕೆ 1940ರಲ್ಲಿ ಹ್ಯಾಟಿ ಮೆಕ್‌ಡೇನಿಯಲ್‌ಗೆ ಆಸ್ಕರ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಕಲಾವಿದೆ. ಅದೇ ಸಿನಿಮಾದ ಅಟ್ಲಾಂಟಾ ಮೊದಲ ಪ್ರದರ್ಶನಕ್ಕೆ ಆಕೆ ಹೋಗುವ ಹಾಗಿರಲಿಲ್ಲ. ಪ್ರಶಸ್ತಿಯ ರಾತ್ರಿ ಹೋಟೆಲಿನಲ್ಲಿ ಜೊತೆಯ ನಟರ ಟೇಬಲ್ ಒಂದು ಕಡೆ, ಆಕೆಯದು ಗೋಡೆ ಪಕ್ಕ ಬೇರೆ. ಪರದೆಯ ಮೇಲೆ ಇರಬಹುದು, ಪರದೆಯ ಮುಂದೆ ಬೇಡ. ನಮ್ಮ ಪಕ್ಕದ ಕೇರಳದಲ್ಲಿ ಅದಕ್ಕೂ ಮುಂಚೆ ಪರದೆಯ ಮೇಲೂ ಬೇಡ ಅಂದರು. ಮಲಯಾಳಂನ ಮೊದಲ ಸಿನಿಮಾ 'ವಿಗತಕುಮಾರನ್'ನಲ್ಲಿ ಪಿ.ಕೆ. ರೋಸಿ ಎಂಬ ದಲಿತ ಹೆಣ್ಣುಮಗಳು ನಾಯರ್ ಮನೆತನದ ಹೆಣ್ಣಾಗಿ ನಟಿಸಿದ್ದಳು. ತಿರುವನಂತಪುರದಲ್ಲಿ ಜನ ರೊಚ್ಚಿಗೆದ್ದು ಪರದೆಗೆ ಕಲ್ಲು ಹೊಡೆದರು. ಆಕೆ ಊರು ಬಿಟ್ಟು ತಮಿಳುನಾಡಿಗೆ ಹೋಗಬೇಕಾಯಿತು. ಮತ್ತೆ ನಟಿಸಲಿಲ್ಲ.

ಅಂಥದೇ ಒಂದು ಕಲ್ಲು ಎಷ್ಟೋ ವರ್ಷದ ಮೇಲೆ ಪರದೆಯ ಆ ಕಡೆಯಿಂದ ಬಂತು. ನಾಗರಾಜ ಮಂಜುಳೆಯವರ ಮರಾಠಿ ಸಿನಿಮಾ 'ಫ್ಯಾಂಡ್ರಿ', 2013ರದು. ಫ್ಯಾಂಡ್ರಿ ಅಂದರೆ ಕೈಕಾಡಿ ಭಾಷೆಯಲ್ಲಿ ಹಂದಿ. ಬಳ್ಳಾರಿಯವರ ಕಿವಿಗೆ ತೆಲುಗಿನ 'ಪಂದಿ' ಕೇಳಿದ ಹಾಗೇ ಆಗುತ್ತದೆ. ಊರಿನ ಹಂದಿ ಹಿಡಿಯುವ ಕೆಲಸ ಮನೆಯವರ ತಲೆಗೆ ಬಂದ ಹುಡುಗ ಜಬ್ಯಾ. ಇಡೀ ಊರು ಗುಡ್ಡೆಯ ಮೇಲೆ ಕೂತು, ಅವನ ಸಂಸಾರ ಹಂದಿಯ ಹಿಂದೆ ಓಡುವುದನ್ನು ಮ್ಯಾಚ್ ನೋಡಿದ ಹಾಗೆ ನೋಡುತ್ತದೆ. ಮಧ್ಯೆ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಎಲ್ಲರೂ ನೆಟ್ಟಗೆ ನಿಲ್ಲುತ್ತಾರೆ, ಹಂದಿ ಮಾತ್ರ ಹೋಗುತ್ತದೆ. ನಾವು ನಗುತ್ತೇವೆ. ನಗುವುದು ತಪ್ಪಲ್ಲ, ಸಿನಿಮಾನೇ ನಗಿಸುತ್ತದೆ. ಕೊನೆಯಲ್ಲಿ ಜಬ್ಯಾ ಒಂದು ಕಲ್ಲು ಬೀಸುತ್ತಾನೆ. ಕಲ್ಲು ನೇರ ಕ್ಯಾಮೆರಾಗೆ ಬರುತ್ತದೆ. ಪರದೆ ಕತ್ತಲು. ಆಗ ಗೊತ್ತಾಗುತ್ತದೆ, ನಾವು ಇಷ್ಟೊತ್ತು ಕೂತಿದ್ದು ಆ ಗುಡ್ಡೆಯ ಮೇಲೆ. ಅಲ್ಲಿ ನಮಗಾಗಿ ಯಾವ ಸಾಹೇಬನನ್ನೂ ಇಟ್ಟಿಲ್ಲ. ನಾನು ಇದನ್ನು ಮೊಬೈಲಿನಲ್ಲಿ, ಬಸ್ಸಿನಲ್ಲಿ ಕೂತು ನೋಡಿದೆ. ಆದರೂ ತಲೆ ಬಗ್ಗಿಸಿದೆ, ನಿಜವಾಗಿ.

ಆ ಕಡೆಯ ಕಥೆ

ಕನ್ನಡದಲ್ಲಿ ಇಂಥವು ಇಲ್ಲ ಅಂತಲ್ಲ. ಬಿ.ವಿ. ಕಾರಂತರ 'ಚೋಮನ ದುಡಿ' ಬಂದದ್ದು 1975ರಲ್ಲಿ. ಎತ್ತು ಇದೆ, ರಟ್ಟೆಯಲ್ಲಿ ಬಲ ಇದೆ, ಭೂಮಿ ಉಳುವ ಹಕ್ಕು ಮಾತ್ರ ಇಲ್ಲ. ಎಂ.ವಿ. ವಾಸುದೇವರಾವ್ ಅವರ ಮುಖ ಒಮ್ಮೆ ನೋಡಿದರೆ ಹೋಗುವುದಿಲ್ಲ. ದೂರದರ್ಶನದಲ್ಲಿ ಬಂದಾಗ ಅಪ್ಪನ ಜೊತೆಯೇ ನೋಡಿದ್ದೆ. "ಆ ಕಡೆ ಹಂಗ ಇತ್ತಂತ ಬಿಡು, ಕರಾವಳಿ ಕಡೆ" ಅಂದಿದ್ದರು ಅಪ್ಪ. ಅವರದೇ ಹೋಟೆಲಿನ ಗೂಡಿನಲ್ಲಿ ಆವಾಗಲೂ ಲೋಟಗಳಿದ್ದವು. ನಾನು ಕೂಡ ಹಾಗೇ ಬೆಳೆದೆ. 'ಪರಿಯೇರುಂ ಪೆರುಮಾಳ್' ನೋಡಿ, ತಮಿಳುನಾಡಿನಲ್ಲಿ ಜಾತಿ ಜಾಸ್ತಿ ಕಣ್ರೀ ಅಂತ ಸ್ನೇಹಿತರಿಗೆ ಹೇಳಿದ್ದೇನೆ. ಯಾವ ಸಿನಿಮಾ ಆದರೂ ಇನ್ನೊಂದು ಕಡೆಯದು. ಇಲ್ಲ ಅಂದರೆ ಹಿಂದಿನ ಕಾಲದ್ದು.

ನಮ್ಮ ಕಡೆ ಏನಾಗಿತ್ತು? 2014ರ ಆಗಸ್ಟ್‌ನಲ್ಲಿ ನಮ್ಮ ತಾಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿಗೆ, ಹೋಟೆಲಿಗೆ ಬಿಡುವುದಿಲ್ಲ ಅನ್ನುವ ತಗಾದೆ ಮೊದಲೇ ಇತ್ತು. ಆ ದಿನದ ಕಿಡಿ ಹತ್ತಿದ್ದು ಮಾತ್ರ ಗಂಗಾವತಿಯಲ್ಲಿ ಸಿನಿಮಾ ನೋಡಲು ಹೋದಲ್ಲಿ ಆದ ಜಗಳದಿಂದ. ಹತ್ತು ವರ್ಷ ಕಳೆದು 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ದೇಶದ ಪೇಪರುಗಳಲ್ಲೆಲ್ಲ ಬಂತು. ಅಪ್ಪ ಪೇಪರು ಓದಿ ಮಡಚಿ ಇಟ್ಟರು. "ಆ ಊರು ಮೊದಲಿಂದ್ಲೂ ಜಗಳದ ಊರು" ಅಂದರು. ಹತ್ತಿರದ ಊರನ್ನೂ 'ಆ ಊರು' ಮಾಡುವುದು ಎಷ್ಟು ಸಲೀಸು. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ಒಂದು ಪುಟ್ಟ ಮಗು ಗುಡಿಯೊಳಗೆ ಓಡಿಹೋಯಿತು ಅಂತ ಮನೆಯವರಿಗೆ ದಂಡ ಹಾಕಿದರಲ್ಲ, ಅದೂ 'ಆ ಊರು'.

ದೊಡ್ಡಪ್ಪ ಕೆಟ್ಟವರಾಗಿರಲಿಲ್ಲ. ಇದನ್ನು ಹೇಳಲೇಬೇಕಾ ಅಂತ ಎರಡು ಸಲ ಅಳಿಸಿ ಮತ್ತೆ ಬರೆಯುತ್ತಿದ್ದೇನೆ. ಬರಗಾಲದಲ್ಲಿ ಕೇರಿಯವರಿಗೆ ಉದ್ರಿ ಕೊಟ್ಟು ಪುಸ್ತಕ ಹರಿದುಹಾಕಿದ ಮನುಷ್ಯ. ಸಿನಿಮಾದಲ್ಲಿ ಹೊಲಸು ಕೆಲಸ ಮಾಡುವವನ ಮುಖ ನೋಡಿದರೇ ಗೊತ್ತಾಗುತ್ತದೆ, ಹಿನ್ನೆಲೆಯಲ್ಲಿ ಮ್ಯೂಸಿಕ್ ಬೇರೆ ಬರುತ್ತದೆ. ನಮ್ಮ ಹೋಟೆಲಿನಲ್ಲಿ ರೇಡಿಯೋದಲ್ಲಿ ಚಿತ್ರಗೀತೆ ಬರುತ್ತಿತ್ತು. ನಾನು ಅದನ್ನು ಗುನುಗಿಕೊಂಡು ಚಾ ಬಿಡುತ್ತಿದ್ದೆ.

ಆಮೇಲೆ ಪೇಪರ್ ಕಪ್ ಬಂತು. ದೊಡ್ಡಪ್ಪನ ಮಗ ಹೋಟೆಲ್ ನಡೆಸುವ ಹೊತ್ತಿಗೆ ಗೂಡು ಖಾಲಿ. ಎಲ್ಲರಿಗೂ ಪೇಪರ್ ಕಪ್ಪಿನಲ್ಲೇ ಚಾ, ಕುಡಿದು ಬಿಸಾಕುವುದು. "ನಮ್ಮಲ್ಲಿ ಈಗ ಭೇದ ಇಲ್ಲ ನೋಡು" ಅಂತ ಅವನು ಹೆಮ್ಮೆಯಿಂದ ಹೇಳಿದ. ನಿಜ, ಇಲ್ಲ. ಎರಡು ಲೋಟ ಒಂದಾಗಲಿಲ್ಲ, ಲೋಟಾನೇ ಹೋಯಿತು. ಯಾರ ಎಂಜಲನ್ನೂ ಯಾರೂ ತೊಳೆಯಬೇಕಾಗಿಲ್ಲ. ಮನೆಯ ಮದುವೆಗೆ ಸ್ಟೀಲ್ ಲೋಟ ಹೊರಗೆ ಬಂದಾಗ ಏನಾಗುತ್ತದೆ ಅಂತ ನಾನು ಕೇಳಲಿಲ್ಲ. ಮಾರಿ ಸೆಲ್ವರಾಜ್ ತಮ್ಮ 'ಪರಿಯೇರುಂ ಪೆರುಮಾಳ್' ಸಿನಿಮಾವನ್ನು ಕೊನೆಯಲ್ಲಿ ಎರಡು ಚಹಾ ಲೋಟಗಳ ಮೇಲೆ ನಿಲ್ಲಿಸುತ್ತಾರೆ, ನಡುವೆ ಒಂದು ಮಲ್ಲಿಗೆ ಹೂವು. ಮೊದಲ ಸಲ ನೋಡಿದಾಗ ಚೆಂದದ ಚಿತ್ರ ಅಂದುಕೊಂಡಿದ್ದೆ. ಕಾಫಿ ಪಾತ್ರೆಯ ರಾತ್ರಿ ಕಳೆದ ಮೇಲೆ ಮತ್ತೆ ಹಾಕಿ ನೋಡಿದೆ. ನನ್ನ ಕಣ್ಣು ಹೂವಿನ ಕಡೆ ಹೋಗಲೇ ಇಲ್ಲ.

ದಸರಾ ರಜೆಗೆ ಊರಿಗೆ ಹೋಗುವಾಗ ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಆ ಕ್ಲಾಸ್‌ಮೇಟ್ ಸಿಕ್ಕ. ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದಾನೆ, ಹೊಟ್ಟೆ ಬಂದಿದೆ. ಅವನೇ ಚಾ ಹೇಳಿದ. ಟೆಂಟ್ ಸಿನಿಮಾದ ಮಾತು ಬಂತು. "ನಿಮಗಿಂತ ನಮಗ ಹೀರೋ ಮೊದಲು ಕಾಣತಿದ್ದ, ಮುಂದ ಕುಂತವರು ನಾವು" ಅಂತ ನಕ್ಕ. ನಾನೂ ನಕ್ಕೆ. ಶೇಂಗಾ ನೆನಪಿದೆಯಾ ಅಂದೆ, ಇಲ್ಲ ಅಂದ. ನನ್ನ ನೆತ್ತಿಗೆ ನೀರು ಹಾಕಿದ್ದು ಅವನಿಗೆ ಗೊತ್ತಿರಲು ಸಾಧ್ಯವಿಲ್ಲ. ನಾನೂ ಹೇಳಲಿಲ್ಲ. ದೊಡ್ಡಪ್ಪನ ಹೋಟೆಲಿನ ಚಾ ಬಗ್ಗೆ ಏನೋ ಹೇಳಲು ಹೊರಟೆ, ಆ ರುಚಿ ಈಗಿಲ್ಲ ಅಂತಲೋ ಏನೋ. ಅವನು ಕಪ್ಪಿನ ಒಳಗೆ ನೋಡುತ್ತಾ, "ಬಿಸಿ ಇರತಿತ್ತೇನು ಅದು? ನಮ್ಮಪ್ಪ ಯಾವಾಗಲೂ ತಣ್ಣಗಿರತೈತಿ ಅಂತಿದ್ದ" ಅಂದ. ಅಷ್ಟು ಎತ್ತರದಿಂದ ಬಿಟ್ಟರೆ ಆರುತ್ತದೆ. ಅದು ನನಗೆ ಯಾವತ್ತೂ ಹೊಳೆದಿರಲಿಲ್ಲ. ದುಡ್ಡು ನಾನು ಕೊಡುವಷ್ಟರಲ್ಲಿ ಅವನೇ ಕೊಟ್ಟಾಗಿತ್ತು. ಅವನ ಬಸ್ಸು ಹೊರಡುವ ಹೊತ್ತು.

ಅವತ್ತಿನ ಸಿನಿಮಾ ರಾತ್ರಿಗೆ ವಾಪಸ್ ಬರುತ್ತೇನೆ. ಮರುದಿನ ಬೆಳಗ್ಗೆ ಅಪ್ಪ ಪೇಪರು ಹಿಡಿದು ಕೂತಿದ್ದರು. ಪೇಪರಿನಿಂದ ತಲೆ ಎತ್ತದೆ ಮೊಮ್ಮಗಳನ್ನು ಕೇಳಿದರು, "ಆಮ್ಯಾಲೆ ಏನಾತು ಆಕಿದು?" ಮಗಳು ಹುರುಪಿನಿಂದ ಹೇಳಿದಳು. ಚೀಟಿ ಕಿತ್ತರು, ಬೋರ್ಡ್ ಮುರಿದರು, ರಾಕೆಟ್ ಹೋಯಿತು, ಬಂತು. ಕೊನೆಯಲ್ಲಿ, ಮೊದಲಿಂದ ಸಿಡುಕುತ್ತಿದ್ದ ಒಬ್ಬ ಆಫೀಸರ್ ಇದ್ದನಲ್ಲ ತಾತ, ಅವನೇ ಆಕೆಗೆ ಕಾಫಿ ತಂದುಕೊಟ್ಟ ಅಂದಳು.

"ತಾನಾ ತಂದನಾ?"

"ಹೂಂ ತಾತ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಯಾವ ಕಪ್ಪಿನ್ಯಾಗ?"

ಅವಳು ಅದನ್ನು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ತಡಿ ತಾತ, ಹಾಕಿ ನೋಡೋಣ ಅಂತ ಅವಳು ರಿಮೋಟ್ ಹುಡುಕಿದಳು. ಕರೆಂಟ್ ಹೋಗಿತ್ತು.